ಕರೆ ಯಾರದು, ಅಪ್ಪಣೆ ಯಾರದು

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯ ಹತ್ತಿರ ಒಂದು ಮನೆಯಲ್ಲಿ ಶಾರದಾ ಸದನ ಎಂಬ ಶಾಲೆ ಶುರುವಾಯಿತು. ಮೇಲ್ಜಾತಿಯ ಬಾಲವಿಧವೆಯರಿಗೆ ವಸತಿ ಮತ್ತು ವಿದ್ಯೆ ಕೊಡುವುದು ಅದರ ಕೆಲಸ. ಆರಂಭದ ಸಭೆಗೆ ಮರಾಠಿ ಲೇಖಕಿ ಕಾಶೀಬಾಯಿ ಕಾನಿಟ್ಕರ್ ಅಧ್ಯಕ್ಷತೆ ವಹಿಸಿದ್ದರು. ವಿದ್ಯಾರ್ಥಿನಿಯರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದಿತ್ತು. ಶಾಲೆ ತೆರೆದವರಿಗೆ ಆಗ 30 ವರ್ಷ. ಅವರೂ ವಿಧವೆಯೇ. ಜೊತೆಯಲ್ಲಿ ಎಂಟು ತುಂಬದ ಮಗಳು ಮನೋರಮಾ.

ಪಂಡಿತಾ ರಮಾಬಾಯಿ ನಮ್ಮ ಘಟ್ಟದಲ್ಲಿ ಹುಟ್ಟಿದವರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಇಂದಿನ ಕಾರ್ಕಳ ತಾಲ್ಲೂಕಿನ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ಅಸಮಾಧಾನ ಕಟ್ಟಿಕೊಂಡ ಅವರು ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿಕೊಂಡಿದ್ದರು. ಅಲ್ಲಿ 1858ರ ಏಪ್ರಿಲ್‌ನಲ್ಲಿ ರಮಾಬಾಯಿ ಹುಟ್ಟಿದರು. ಕನ್ನಡ ಬಲ್ಲವರಾಗಿದ್ದರು. ಮುಂದಿನ ಕಥೆ ಎಷ್ಟೋ ಕಡೆ ಬಂದಿದೆ: ತೀರ್ಥಯಾತ್ರೆ, ಬರಗಾಲದಲ್ಲಿ ತಂದೆತಾಯಿಯ ಸಾವು, ಅಣ್ಣನ ಜೊತೆ ದೇಶವೆಲ್ಲ ನಡೆದದ್ದು, ಕಲಕತ್ತೆಯಲ್ಲಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು, ಬಂಗಾಳಿ ವಕೀಲರೊಡನೆ ಜಾತಿ ಮೀರಿದ ಮದುವೆ, ಎರಡು ವರ್ಷವೂ ತುಂಬುವ ಮೊದಲೇ ವೈಧವ್ಯ.

ನನಗೆ ಇಲ್ಲಿ ಬೇಕಾದದ್ದು ಆ ಕಥೆಯ ಒಂದೇ ಎಳೆ. ಶಾರದಾ ಸದನ ತೆರೆಯುವ ಹೊತ್ತಿಗೆ ರಮಾಬಾಯಿ ಕ್ರೈಸ್ತರಾಗಿ ಐದೂವರೆ ವರ್ಷವಾಗಿತ್ತು. ದೀಕ್ಷೆ ಕೊಟ್ಟಿದ್ದು ಇಂಗ್ಲೆಂಡಿನ ಆಂಗ್ಲಿಕನ್ ಸಭೆ. ಆದರೆ ಚೌಪಾಟಿಯ ಶಾಲೆಯಲ್ಲಿ ಆ ಸಭೆಯ ಕಾಸಿಲ್ಲ, ಕೈಯಿಲ್ಲ, ಆಶೀರ್ವಾದವೂ ಇಲ್ಲ. ಹಣ ಬರುತ್ತಿದ್ದದ್ದು ಅಮೆರಿಕದ ಬೋಸ್ಟನ್ನಿನಲ್ಲಿ ಹುಟ್ಟಿದ ರಮಾಬಾಯಿ ಅಸೋಸಿಯೇಷನ್ನಿನಿಂದ. ಸಲಹೆ ಕೊಡುತ್ತಿದ್ದವರು ಮುಂಬಯಿ, ಪುಣೆಯ ಹಿಂದೂ ಸುಧಾರಕರು. ಒಬ್ಬ ಕ್ರೈಸ್ತ ಹೆಣ್ಣುಮಗಳು ತನಗೆ ದೇವರ ಕರೆ ಬಂದಿದೆ ಎಂದು ನಂಬಿ ಮಾಡಿದ ಕೆಲಸಕ್ಕೆ ಅವಳದೇ ಸಭೆ ಏಕೆ ಹೊರಗಿನದಾಯಿತು?

ಕ್ರೈಸ್ತ ಧರ್ಮದಷ್ಟೇ ಹಳೆಯ ಜಗಳ ಇದು. ಸಂತ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲೇ ಅದರ ಎರಡೂ ತುದಿ ಇವೆ. ಪ್ರತಿಯೊಬ್ಬರಿಗೂ ಅವರದೇ ಕರೆ, ಅವರದೇ ವರ ಉಂಟು ಎಂದು ಒಂದು ಕಡೆ; ಎಲ್ಲವೂ ಒಂದು ಕ್ರಮದಲ್ಲಿ ನಡೆಯಲಿ ಎಂದು ಇನ್ನೊಂದು ಕಡೆ. ಕೊರಿಂಥ ಎರಡು ಬಂದರುಗಳ ಪಟ್ಟಣ. ಎಲ್ಲ ಸೀಮೆಯ ಜನ ಬಂದು ಸೇರುತ್ತಿದ್ದ, ಯಾರು ಯಾರಿಗೂ ಹೇಳಿಕೇಳದ ಊರು. ಅಂಥ ಊರಿನಲ್ಲಿ ಈ ಪ್ರಶ್ನೆ ಏಳುವುದು ಸಹಜ. 19ನೇ ಶತಮಾನದ ಮುಂಬಯಿಯೂ ಅಂಥದೇ ಊರು. ಜಂಗಮ ದೊಡ್ಡವನೋ ಮಠ ದೊಡ್ಡದೋ ಎಂಬ ವಾದವನ್ನು ಕಂಡಿರುವ ನಮಗೂ ಇದು ಅಪರಿಚಿತವಲ್ಲ.

ರಮಾಬಾಯಿ ಮುಂಬಯಿಗೆ ಬರುವ ಒಂದು ವರ್ಷ ಮುಂಚೆ, 1888ರ ಫೆಬ್ರವರಿ 5ರಂದು, ಅದೇ ಊರಿನಲ್ಲಿ ಜಾರ್ಜ್ ಬೋವೆನ್ ಎಂಬ ಅಮೆರಿಕನ್ ಮಿಷನರಿ ತೀರಿಕೊಂಡರು. ರೀಗಲ್ ಚಿತ್ರಮಂದಿರದಿಂದ ಅಪೋಲೊ ಬಂದರಿನ ಕಡೆ ನಡೆದರೆ ಅವರ ಹೆಸರಿನ ಮೆಥಡಿಸ್ಟ್ ದೇವಾಲಯ ಈಗಲೂ ಸಿಗುತ್ತದೆ. ಗೇಟ್‌ವೇ ನೋಡಲು ಹೋಗುವ ಸಾವಿರಾರು ಜನರಲ್ಲಿ ಆ ಹೆಸರು ಯಾರದೆಂದು ಕೇಳುವವರು ಕಡಿಮೆ.

ಬೋವೆನ್ 1816ರಲ್ಲಿ ವರ್ಮಾಂಟ್ ರಾಜ್ಯದ ಮಿಡಲ್‌ಬರಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದವರು. ವ್ಯಾಪಾರಿಯ ಮಗ. ಸಂಗೀತದ ಹುಚ್ಚು, ಹಲವು ಭಾಷೆಗಳ ಓದು, ದೇವರಲ್ಲಿ ನಂಬಿಕೆ ಮಾತ್ರ ಇಲ್ಲ. ಅವರು ಪ್ರೀತಿಸಿದ್ದ ಎಮ್ಮಾ ಮಾರಿಸ್ 1844ರಲ್ಲಿ ಕಾಯಿಲೆಯಿಂದ ತೀರಿಕೊಂಡರು. ತನ್ನ ಬೈಬಲನ್ನು ಅವರಿಗೆ ಬಿಟ್ಟುಹೋಗಿದ್ದರು. ಅದನ್ನು ಓದುವ ಮಾತು ಕೊಟ್ಟಿದ್ದಕ್ಕಾಗಿ ಓದಲು ಹಿಡಿದ ಬೋವೆನ್ ಅದೇ ವರ್ಷ ನಂಬಿಕೆಯವರಾದರು. ಮೂರು ವರ್ಷ ದೇವಜ್ಞಾನ ಕಲಿತು 1848ರ ಜನವರಿಯಲ್ಲಿ ಮುಂಬಯಿಗೆ ಬಂದಿಳಿದರು. ಆಮೇಲೆ 40 ವರ್ಷ ಒಮ್ಮೆಯೂ ಊರಿಗೆ ಮರಳಲಿಲ್ಲ.

ಅವರನ್ನು ಕಳಿಸಿದ ಅಮೆರಿಕನ್ ಬೋರ್ಡಿನ ಮಿಷನ್ ಮುಂಬಯಿಯಲ್ಲಿ 1813ರಿಂದಲೂ ಇತ್ತು. ಸಂಬಳ, ಬಂಗಲೆ, ವರದಿ, ಸಮಿತಿ ಎಲ್ಲ ಕ್ರಮಬದ್ಧ. ಬೋವೆನ್ ಒಂದು ವರ್ಷ ಇದನ್ನು ನೋಡಿದರು. ಬಜಾರಿನಲ್ಲಿ ನಿಂತು ಮರಾಠಿಯಲ್ಲಿ ತ್ಯಾಗದ ಮಾತಾಡಿ ಸಂಜೆ ಬಂಗಲೆಗೆ ಮರಳುವವನ ಮಾತನ್ನು ಯಾರು ನಂಬಿಯಾರು ಎಂಬ ಪ್ರಶ್ನೆ ಅವರನ್ನು ಕೊರೆಯಿತು. 1849ರಲ್ಲಿ ಸಂಬಳ ಬೇಡವೆಂದರು. ಊರಿನ ಜನವಸತಿಯ ನಡುವೆ ಒಂದು ಸಣ್ಣ ಜಾಗ ಹಿಡಿದು, ಪಾಠ ಹೇಳಿ ಬಂದ ಅಲ್ಪ ಹಣದಲ್ಲಿ ಬದುಕತೊಡಗಿದರು.

ಇದರಿಂದ ಜನ ಹಿಂಡುಹಿಂಡಾಗಿ ಬಂದರೇ? ಇಲ್ಲ. ಅವರ ಬೋಧನೆಯಿಂದ ಕ್ರೈಸ್ತರಾದವರು ತೀರ ಕಡಿಮೆ. ಇದನ್ನು ಅವರೇ ಮುಚ್ಚಿಡಲಿಲ್ಲ. ಸಂಬಳ ಬಿಟ್ಟರೂ ಬೋಧಕ ಬಿಳಿಯನಾಗಿಯೇ, ಆಳುವವರ ಧರ್ಮದವನಾಗಿಯೇ ಕಾಣುತ್ತಿದ್ದನಲ್ಲ. ಆದರೆ ನನಗೆ ಹೆಚ್ಚು ಕುತೂಹಲ ತರುವುದು ಬೇರೆ. ಕಟ್ಟಳೆಯನ್ನು ಒದ್ದು ಹೊರಬಂದ ಈ ಮನುಷ್ಯ ಮುಂದೆ ಮುಂಬಯಿ ಕ್ರೈಸ್ತರಲ್ಲಿ ಅತ್ಯಂತ ಶಿಸ್ತಿನ ಕಚೇರಿ ಕೆಲಸಗಾರನಾದರು. ‘ಬಾಂಬೆ ಗಾರ್ಡಿಯನ್’ ವಾರಪತ್ರಿಕೆಯನ್ನು 1854ರಿಂದ ಸಾಯುವವರೆಗೆ ನಡೆಸಿದರು. ಅಂದರೆ ಮೂವತ್ತಕ್ಕೂ ಹೆಚ್ಚು ವರ್ಷ, ವಾರ ವಾರ, ಅಚ್ಚಿಗೆ ಕಳಿಸಿ, ತಿದ್ದಿ, ಹಂಚಿ. ಟ್ರ್ಯಾಕ್ಟ್ ಆ್ಯಂಡ್ ಬುಕ್ ಸೊಸೈಟಿಯ ಕೆಲಸವನ್ನೂ ಹೊತ್ತರು. ಪತ್ರಿಕೆ ನಡೆಸಿ ಗೊತ್ತಿದ್ದವರಿಗೆ ಇದು ಎಂಥ ವ್ರತವೆಂದು ಹೇಳಬೇಕಿಲ್ಲ. ಬಜಾರಿನ ಬೋಧನೆಗಿಂತ ಈ ವಾರದ ಸಂಚಿಕೆಯೇ ಅವರ ನಿಜವಾದ ತಪಸ್ಸು ಎಂದು ನನಗನ್ನಿಸುತ್ತದೆ.

1871ರ ಕೊನೆಯಲ್ಲಿ ವಿಲಿಯಂ ಟೇಲರ್ ಎಂಬ ಮೆಥಡಿಸ್ಟ್ ಬೋಧಕ ಮುಂಬಯಿಗೆ ಬಂದರು. ವಿದೇಶದ ಮಿಷನ್ ಹಣ ಬೇಡ, ಸಭೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು ಎಂಬುದು ಟೇಲರ್ ಹಟ. ಮನೆಗಳಲ್ಲಿ ಸಣ್ಣ ಸಣ್ಣ ಗುಂಪುಗಳು ಕೂಡಿದವು, 1872ರಲ್ಲಿ ಸಭೆ ಕಟ್ಟಿಕೊಂಡರು. ಬೋವೆನ್ ಇದಕ್ಕೆ ಸೇರಿದರು. ಮೆಥಡಿಸ್ಟರೆಂದರೆ ಹೆಸರಿನಲ್ಲೇ ಪದ್ಧತಿ ಇರುವವರು: ವಾರದ ಕ್ಲಾಸು, ವರ್ಷದ ಕಾನ್ಫರೆನ್ಸು, ಯಾರು ಎಲ್ಲಿ ಸೇವೆ ಮಾಡಬೇಕೆಂಬ ಪಟ್ಟಿ. ಸಂಬಳದ ಸರಪಳಿ ಇಲ್ಲದ ಕಟ್ಟಳೆ ಸಿಕ್ಕಾಗ ಬೋವೆನ್ ಅದರೊಳಗೆ ಸಂತೋಷವಾಗಿ ನಿಂತರು, ಅಧಿಕಾರದ ಹೊಣೆಯನ್ನೂ ಹೊತ್ತರು. ಆ ಕಾನ್ಫರೆನ್ಸಿನ ಕೊಂಬೆಗಳೇ ಮುಂದೆ ಬೀದರ್, ಕೋಲಾರದವರೆಗೆ ಹಬ್ಬಿದವು.

ಸತ್ತಾಗ ಅವರನ್ನು ಸಂತ ಎಂದರು. ಬದುಕಿದ್ದಾಗಲೂ ಅನ್ನುತ್ತಿದ್ದರು. ಮಿಷನ್ನಿನ ಸಂಬಳ ಬಿಟ್ಟ, ಹೇಳಿದ ಮನೆಯಲ್ಲಿ ಇರದ, ತನ್ನ ಕರೆಯನ್ನು ತಾನೇ ಅರ್ಥ ಮಾಡಿಕೊಂಡ ಆ ಮನುಷ್ಯನನ್ನು ಅಹಂಕಾರಿ ಎಂದು ಜರೆದವರು ಹೆಚ್ಚಿಲ್ಲ. ಈ ಮಾತು ನೆನಪಿರಲಿ. ಚೌಪಾಟಿಯ ಮನೆಗೆ ಮರಳಿದಾಗ ಬೇಕಾಗುತ್ತದೆ.

ಅಲ್ಲಿಗೆ ಹೋಗುವ ಮೊದಲು ಮಜಗಾಂವಿನಲ್ಲಿ ಒಬ್ಬರನ್ನು ನೋಡಬೇಕು. 1874ರಲ್ಲಿ ಮುಂಬಯಿಗೆ ಬಂದ ಕೌಲಿ ಫಾದರ್‌ಗಳು ಆಂಗ್ಲಿಕನ್ ಸನ್ಯಾಸಿಗಳು. ಆಕ್ಸ್‌ಫರ್ಡಿನ ಕೌಲಿಯಲ್ಲಿ 1866ರಲ್ಲಿ ಹುಟ್ಟಿದ ಸಂಘ ಅದು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ, ಗಂಟೆ ಹೊಡೆದಂತೆ ಪ್ರಾರ್ಥನೆ. ಈ ಸಂಘದಲ್ಲಿ ನೀಲಕಂಠ ಗೋರೆ ಇದ್ದರು. 1825ರಲ್ಲಿ ಹುಟ್ಟಿದ ಚಿತ್ಪಾವನ ಬ್ರಾಹ್ಮಣ, ಕಾಶಿಯಲ್ಲಿ ಶಾಸ್ತ್ರ ಓದಿದವರು. ಮಿಷನರಿಗಳನ್ನು ವಾದದಲ್ಲಿ ಸೋಲಿಸಲು ಹೊರಟು ತಾವೇ 1848ರಲ್ಲಿ ದೀಕ್ಷೆ ಪಡೆದು ನೆಹೆಮಿಯಾ ಆದರು. ಹೆಂಡತಿ ಬೇಗ ತೀರಿಕೊಂಡರು. ಮಗಳು ಎಲೆನ್ ಲಕ್ಷ್ಮೀ ಬೇರೆಯವರ ಮನೆಯಲ್ಲಿ, ಇಂಗ್ಲೆಂಡಿನಲ್ಲಿ ಬೆಳೆದು ಮುಂದೆ ಕೀರ್ತನೆ ಬರೆದು ಹೆಸರಾದರು. ಷಡ್ದರ್ಶನಗಳನ್ನು ಖಂಡಿಸಿ ಹಿಂದಿಯಲ್ಲಿ ಪುಸ್ತಕ ಬರೆದ ಗೋರೆಯವರಿಗೆ ತಮ್ಮ ಹೊಸ ನಂಬಿಕೆಯ ಬಗ್ಗೆಯೂ ಸಂಶಯ ಬಿಟ್ಟಿದ್ದಿಲ್ಲ. ಯಾವ ಸಿದ್ಧಾಂತ ಕೈಗೆ ಕೊಟ್ಟರೂ ನಾಲ್ಕು ಸಲ ತಿರುಗಿಸಿ ನೋಡುವ ಪಂಡಿತನ ಸ್ವಭಾವ ಹೋಗಲೇ ಇಲ್ಲ.

1870ರ ದಶಕದಲ್ಲಿ ಅವರು ಕೌಲಿ ಸಂಘ ಸೇರಿದರು. ಹೊಸಬರನ್ನು ಅಲ್ಲಿ ನೊವಿಸ್ ಎನ್ನುತ್ತಾರೆ. ಕೆಲವು ವರ್ಷ ಪರೀಕ್ಷೆಯ ಕಾಲ, ಆಮೇಲೆ ಜೀವಮಾನದ ವ್ರತ. ಗೋರೆ ಆ ಕೊನೆಯ ವ್ರತ ತೊಡಲೇ ಇಲ್ಲ. 1895ರಲ್ಲಿ ಮುಂಬಯಿಯಲ್ಲಿ ಸಾಯುವಾಗಲೂ ಅವರು ಸಂಘದ ಹೊಸ್ತಿಲ ಮೇಲಿನವರೇ, 70 ವರ್ಷದ ನೊವಿಸ್. ಮನೆ ಅವರದು, ಊಟ ಅವರ ಜೊತೆ, ಪ್ರಾರ್ಥನೆ ಅವರ ಜೊತೆ; ಆದರೆ ಕೊನೆಯ ಸಹಿ ಇಲ್ಲ. ಈ ಅರ್ಧ ಒಳಗಿನ ಸ್ಥಿತಿಯನ್ನು ಸಂಘ ಸಹಿಸಿಕೊಂಡಿತು ಎಂಬುದನ್ನು ಅದರ ಮೆಚ್ಚುಗೆಗೇ ಬರೆಯಬೇಕು. ಕಟ್ಟಳೆ ಬಾಗಲು ಬಲ್ಲದು, ಬಾಗಬೇಕೆಂಬ ಮನಸ್ಸಿದ್ದರೆ.

ರಮಾಬಾಯಿಯವರ ದಾರಿ ತಿರುಗಿಸಿದವರಲ್ಲಿ ಗೋರೆ ಮುಖ್ಯರು. 1882ರಲ್ಲಿ ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದಾಗ ಅಲ್ಲಿನ ಪಂಚಹೌದ ಮಿಷನ್ನಿನಲ್ಲಿ ಇಂಗ್ಲೆಂಡಿನ ವಾಂಟೇಜ್ ಊರಿನ ಸಂತ ಮೇರಿ ಸಂಘದ ಸಿಸ್ಟರ್‌ಗಳಿದ್ದರು. ಅವರ ಪರಿಚಯದಿಂದಲೇ ವೈದ್ಯಶಾಸ್ತ್ರ ಓದುವ ಆಸೆ ಹೊತ್ತು 1883ರಲ್ಲಿ ವಾಂಟೇಜಿಗೆ ಹೋದರು. ಪ್ರಯಾಣದ ಖರ್ಚಿಗೆ ತಾವೇ ಬರೆದ ‘ಸ್ತ್ರೀ ಧರ್ಮ ನೀತಿ’ ಪುಸ್ತಕದ ಹಣ ಒದಗಿತು. ಅಲ್ಲಿಗೆ ಬಂದ ಗೋರೆಯವರ ಬರವಣಿಗೆ ಓದಿದ ಮೇಲೆ ಅವರ ಬ್ರಾಹ್ಮಸಮಾಜದ ನಿಲುವು ಅಲುಗಿತು. ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರೂ ದೀಕ್ಷೆ ಪಡೆದರು. ಕಿವಿ ಮಂದವಾಗುತ್ತಿದ್ದುದರಿಂದ ವೈದ್ಯಶಾಸ್ತ್ರ ಕೈಬಿಟ್ಟಿತು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜು ಸೇರಿದರು.

ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಅವರ ಆಧ್ಯಾತ್ಮಿಕ ತಾಯಿ. ರಮಾಬಾಯಿ ಪತ್ರಗಳಲ್ಲಿ ಅವರನ್ನು ಕರೆಯುತ್ತಿದ್ದದ್ದು ‘ಆಜೀಬಾಯಿ’ ಎಂದು, ಮಗಳು ಮನೋರಮಾ ಕರೆಯುತ್ತಿದ್ದಂತೆ. ಅಜ್ಜಿ ಎಂಬ ಆ ಪ್ರೀತಿಯ ಕರೆಯ ಕೆಳಗೇ ವರ್ಷಗಟ್ಟಲೆ ಜಗಳ ನಡೆಯಿತು. ಕೆಲವು ಸಣ್ಣವು: ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ಸಂಸ್ಕೃತ ಏಕಾಗದು? ಊಟದಲ್ಲಿ ಮೊಟ್ಟೆ ತಿನ್ನದಿದ್ದರೆ ಅದು ಜಾತಿಯ ಹೆಮ್ಮೆಯೇ? ಕೆಲವು ದೊಡ್ಡವು: ತ್ರಿತ್ವದ ತತ್ವವನ್ನು ಒಪ್ಪಲು ಆಗುತ್ತಿಲ್ಲ ಎಂದು ಅವರು ಬಿಚ್ಚಿ ಬರೆದರು. ನಿಜವಾದ ಗಂಟು ಇದ್ದದ್ದು ಇನ್ನೊಂದು ಕಡೆ. ಚೆಲ್ಟನ್‌ಹ್ಯಾಮಿನಲ್ಲಿ ಅವರು ಗಂಡು ವಿದ್ಯಾರ್ಥಿಗಳಿಗೆ ಭಾರತೀಯ ಭಾಷೆ ಕಲಿಸುವ ಪ್ರಸ್ತಾಪ ಬಂದಾಗ ಮುಂಬಯಿ ಮತ್ತು ಲಾಹೋರಿನ ಬಿಷಪ್ಪರು ಬೇಡವೆಂದರು. ಗಂಡಸರಿಗೆ ಕಲಿಸಿದಳೆಂದು ತಿಳಿದರೆ ಭಾರತದಲ್ಲಿ ಅವಳ ಹೆಸರು ಕೆಡುತ್ತದೆ ಎಂಬುದು ಅವರ ಕಾಳಜಿ.

ಕಲಕತ್ತೆಯಿಂದ ಪುಣೆಯವರೆಗೆ ಗಂಡಸರ ಸಭೆಗಳಲ್ಲಿ ಸಂಸ್ಕೃತದಲ್ಲಿ ಮಾತಾಡಿ ಬಿರುದು ಪಡೆದವರಿಗೆ ಈ ಮಾತು! ಭಾರತದಲ್ಲಿ ಯಾವುದರಿಂದ ಹೆಸರು ಕೆಡುತ್ತದೆ, ಯಾವುದರಿಂದ ಬರುತ್ತದೆ ಎಂಬುದನ್ನು ರಮಾಬಾಯಿಗೆ ಇಬ್ಬರು ಇಂಗ್ಲಿಷ್ ಬಿಷಪ್ಪರು ಹೇಳಬೇಕಾಯಿತು. ತಮ್ಮ ಸಮಾಜದ ಪುರೋಹಿತರ ನೊಗವನ್ನು ಕಷ್ಟಪಟ್ಟು ಕಳಚಿ ಬಂದದ್ದು ಇನ್ನೊಂದಕ್ಕೆ ಕುತ್ತಿಗೆ ಕೊಡಲಿಕ್ಕಲ್ಲ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಹಿರಿಯರ ಮಾತು ಕೇಳುತ್ತೇನೆ, ಆದರೆ ಆತ್ಮಸಾಕ್ಷಿಯನ್ನು ಒಪ್ಪಿಸಲಾರೆ ಎಂಬುದು ಅವರ ನಿಲುವು. ಜೆರಾಲ್ಡೀನರಿಗೆ ಇದರಲ್ಲಿ ಕಂಡದ್ದು ಅಹಂಕಾರ.

ಬೋವೆನ್ ಮಾಡಿದ್ದು ಇದನ್ನೇ ಅಲ್ಲವೇ? ತನ್ನನ್ನು ಕಳಿಸಿದವರ ಪದ್ಧತಿಗಿಂತ ತನ್ನ ಒಳದನಿಯನ್ನು ಹೆಚ್ಚು ನಂಬಿದ್ದು. ಬಿಳಿಯ ಗಂಡಸಿನಲ್ಲಿ ಅದು ಸಂತತನ. ಗೋರೆಯವರಲ್ಲಿ ಅದು ಪಂಡಿತನ ಸಂಕೋಚ, ಸಹಿಸಿಕೊಳ್ಳಬಹುದಾದದ್ದು. ಮಾಳದ ಶಾಸ್ತ್ರಿಯ ಮಗಳಲ್ಲಿ ಮಾತ್ರ ಅದು ತಿದ್ದಬೇಕಾದ ದೋಷ. ಕರೆ ಮತ್ತು ಕಟ್ಟಳೆಯ ಜಗಳವನ್ನು ದೇವಜ್ಞಾನದ ಪ್ರಶ್ನೆಯಾಗಿ ಮಾತ್ರ ಓದಿದರೆ ಇದು ಕಣ್ಣಿಗೆ ಬೀಳುವುದಿಲ್ಲ. ಕರೆ ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂಬುದನ್ನೂ ನೋಡಬೇಕು. ಜೆರಾಲ್ಡೀನರ ಪರವಾಗಿ ಒಂದು ಮಾತು: ಅವರು ತಾವೂ ವಿಧೇಯತೆಯ ವ್ರತ ತೊಟ್ಟ ಹೆಣ್ಣು. ತಾವು ಹೊತ್ತ ಭಾರವನ್ನೇ ಇನ್ನೊಬ್ಬಳ ಮೇಲೆ ಇಡಲು ಹೋದರು. ಅದು ಅವರಿಗೆ ಭಾರವೆಂದು ಅನ್ನಿಸಿಯೇ ಇರಲಿಕ್ಕಿಲ್ಲ.

1886ರ ಮಾರ್ಚ್ 11ರಂದು ಫಿಲಡೆಲ್ಫಿಯಾದಲ್ಲಿ ಆನಂದಿಬಾಯಿ ಜೋಶಿ ವೈದ್ಯ ಪದವಿ ಪಡೆದರು. ಅದನ್ನು ನೋಡಲು ಹೋದ ರಮಾಬಾಯಿ ಅಮೆರಿಕದಲ್ಲೇ ಉಳಿದು ಭಾಷಣ ಮಾಡಿದರು, ಮರುವರ್ಷ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಪುಸ್ತಕ ತಂದರು, ಹಣ ಕೂಡಿಸಿದರು. ಬೋಸ್ಟನ್ನಿನ ಅಸೋಸಿಯೇಷನ್ನಿನಲ್ಲಿ ಯೂನಿಟೇರಿಯನ್ ಪಾದ್ರಿ ಎಡ್ವರ್ಡ್ ಎವರೆಟ್ ಹೇಲ್ ಅಧ್ಯಕ್ಷರು, ಬೇರೆ ಬೇರೆ ಸಭೆಗಳವರು ಸದಸ್ಯರು. ಹತ್ತು ವರ್ಷ ಶಾಲೆ ಸಾಕುವ ಮಾತು ಕೊಟ್ಟರು. ಷರತ್ತು ಒಂದೇ: ಶಾಲೆಯಲ್ಲಿ ಮತಬೋಧನೆ ಇಲ್ಲ. ಮೂರು ವರ್ಷದ ನಂತರ ಅದೇ ಮಾರ್ಚ್ 11ಕ್ಕೆ ಚೌಪಾಟಿಯಲ್ಲಿ ಬಾಗಿಲು ತೆರೆಯಿತು. ಅಡುಗೆಯಲ್ಲಿ ಜಾತಿಯ ಆಚಾರ ಬೇಕೆಂದವರಿಗೆ ಅದಕ್ಕೆ ಅವಕಾಶ. ಮೊದಲು ಬಂದವರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಇದ್ದರು. ಮುಂದೆ ಅವರನ್ನು ಧೋಂಡೋ ಕೇಶವ ಕರ್ವೆ ಮದುವೆಯಾದರು.

ಮುಂಬಯಿಯ ಖರ್ಚು ತಾಳಲಾರದೆ 1890ರ ಕೊನೆಯಲ್ಲಿ ಸದನ ಪುಣೆಗೆ ಹೋಯಿತು. ಬಿಕ್ಕಟ್ಟು ಬಂದದ್ದು ಒಂದು ಬಾಗಿಲಿನಿಂದ. ರಮಾಬಾಯಿ ಬೆಳಗ್ಗೆ ತಮ್ಮ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ಹಾಕುತ್ತಿರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ಬನ್ನಿ ಎಂದವರಿಲ್ಲ, ಹೋಗಿ ಎಂದವರೂ ಇಲ್ಲ. ‘ಕೇಸರಿ’ ಕಿಡಿಕಾರಿತು. ಬಾಗಿಲು ಹಾಕಿಕೊಳ್ಳಿ ಎಂಬ ಸಲಹೆಗೆ ರಮಾಬಾಯಿ ಒಪ್ಪಲಿಲ್ಲ. 1893ರಲ್ಲಿ ರಾನಡೆ, ಭಂಡಾರ್ಕರರಂಥ ಸಲಹೆಗಾರರು ಕೈತೊಳೆದುಕೊಂಡರು, ಎಷ್ಟೋ ಮನೆಯವರು ಹುಡುಗಿಯರನ್ನು ಕರೆದೊಯ್ದರು. ಈ ಸಲ ಕಟ್ಟಳೆ ಚರ್ಚಿನದಲ್ಲ, ಸುಧಾರಕರದು. ಅವರ ಆತಂಕಕ್ಕೆ ಕಾರಣವಿರಲಿಲ್ಲವೆಂದು ನಾನು ಹೇಳಲಾರೆ. ಆಶ್ರಯ ಕೊಟ್ಟ ಮನೆಯ ಯಜಮಾನಿತಿ ತೆರೆದಿಟ್ಟ ಬಾಗಿಲು ಆಶ್ರಯ ಪಡೆದ ಹುಡುಗಿಗೆ ಬರೀ ಬಾಗಿಲಲ್ಲ. ರಮಾಬಾಯಿ ಇದನ್ನು ಎಷ್ಟು ಕಂಡುಕೊಂಡಿದ್ದರೋ. ತಮ್ಮ ಆತ್ಮಸಾಕ್ಷಿಯ ಬಗ್ಗೆ ಅಷ್ಟು ಎಚ್ಚರವಿದ್ದವರು ತಮ್ಮ ಅಧಿಕಾರದ ತೂಕವನ್ನೂ ಅಷ್ಟೇ ಎಚ್ಚರದಿಂದ ಅಳೆದಿದ್ದರೆ ಎಂದು ಓದುವಾಗ ಅನ್ನಿಸುತ್ತದೆ.

ಆ ಅಳತೆಯ ಕಾಲ ಮುಂದೆ ಬಂತು. 1896ರಿಂದ ಬರಗಾಲಗಳು ಸಾಲಾಗಿ ಬಂದಾಗ ಅವರು ಮಧ್ಯಪ್ರಾಂತ, ಗುಜರಾತಿನಿಂದ ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಆಚೆ ಕೇಡಗಾಂವಿನಲ್ಲಿ ಮುಕ್ತಿ ಸದನ ಬೆಳೆಸಿದರು. ಎರಡು ಸಾವಿರದ ಹತ್ತಿರ ಜನ. ಅಷ್ಟು ಮಂದಿಗೆ ಅನ್ನ ಬೇಯಬೇಕೆಂದರೆ ಗಂಟೆ, ಪಾಳಿ, ಲೆಕ್ಕ ಇಲ್ಲದೆ ಆಗುತ್ತದೆಯೇ? ಮಗ್ಗ, ಗಾಣ, ಹೊಲ, ಅಚ್ಚುಕೂಟ ಎಲ್ಲ ಇದ್ದವು. ವಿಧೇಯತೆಯನ್ನು ಒಲ್ಲದೆ ಬಂದವರು ವಾಂಟೇಜಿಗಿಂತ ದೊಡ್ಡ ಮಠವನ್ನೇ ಕಟ್ಟಿದ್ದರು.

ಅಲ್ಲಿಗೆ 1898ರಲ್ಲಿ ಮುಂಬಯಿಯಿಂದ ಮಿನಿ ಏಬ್ರಮ್ಸ್ ಬಂದರು. ಬೋವೆನ್ ಇನ್ನೂ ಬದುಕಿದ್ದ 1887ರಲ್ಲಿ ಅದೇ ಮೆಥಡಿಸ್ಟ್ ಸಭೆಯ ಹೆಣ್ಣುಮಕ್ಕಳ ಶಾಲೆಗೆಂದು ಮುಂಬಯಿಗೆ ಬಂದಿದ್ದ ಅಮೆರಿಕನ್ ಡೀಕನೆಸ್ ಅವರು. ತನಗೆ ಬೇರೆ ಕರೆ ಬಂದಿದೆ ಎಂದು ತಮ್ಮ ಮಿಷನ್ ಬಿಟ್ಟು ಬಂದವರು. 1905ರ ಜೂನ್ ಕೊನೆಯಲ್ಲಿ ಮುಕ್ತಿಯ ಹುಡುಗಿಯರಲ್ಲಿ ಪ್ರಾರ್ಥನೆಯ ಆವೇಶ ಹತ್ತಿತು. ಏಬ್ರಮ್ಸ್ ಬರೆದಿಟ್ಟ ಪ್ರಕಾರ ಒಬ್ಬಳಿಗೆ ಬೆಂಕಿ ಹತ್ತಿದಂತೆ ಕಂಡು ಮೇಟ್ರನ್ ನೀರಿನ ಬಕೆಟ್ ತರಲು ಓಡಿದರಂತೆ. ಆವೇಶದ ಎದುರು ವ್ಯವಸ್ಥೆ ಮಾಡುವ ಮೊದಲ ಕೆಲಸ ಇದೇ, ಬಕೆಟ್ ಹುಡುಕುವುದು.

ನೂರಾರು ಹುಡುಗಿಯರು ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸಿದರು, ಅತ್ತರು, ನಡುಗಿದರು. ಇದು ಅಕ್ರಮ, ಗದ್ದಲ ಎಂದು ಹಲವು ಮಿಷನರಿಗಳು ಮೂಗು ಮುರಿದರು. ಪೌಲನ ಕೊರಿಂಥದ ಪತ್ರವನ್ನೇ ಮುಂದಿಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ರಮಾಬಾಯಿ ಈಗ ಹಿಂದೆ ಜೆರಾಲ್ಡೀನ್ ಇದ್ದ ಜಾಗದಲ್ಲಿದ್ದರು. ಶಾಂತವಾದ, ಒಬ್ಬರಾದ ಮೇಲೊಬ್ಬರ ಪ್ರಾರ್ಥನೆಯ ಕ್ರಮ ಅವರಿಗೂ ರೂಢಿಯಾಗಿತ್ತು. ಆದರೂ ಹುಡುಗಿಯರನ್ನು ತಡೆಯಲಿಲ್ಲ. ಪಶ್ಚಿಮದವರ ರೀತಿಯೇ ಎಲ್ಲರ ರೀತಿಯಾಗಬೇಕಿಲ್ಲ ಎಂದು ತಮ್ಮ ಪತ್ರಿಕೆಯಲ್ಲಿ ಅವರ ಪರ ಬರೆದರು. ಅಡುಗೆ ಮನೆಯ ಪಾಳಿಯನ್ನೂ ನಿಲ್ಲಿಸಲಿಲ್ಲ.

ಮಗಳು ಮನೋರಮಾ 1910ರ ದಶಕದ ಆರಂಭದಲ್ಲಿ ಗುಲಬರ್ಗದಲ್ಲಿ ಶಾಲೆ ತೆರೆದರು. ಹೀಗೆ ಈ ಕಥೆಯ ಒಂದು ತುದಿ ಕನ್ನಡ ಸೀಮೆಗೆ ಮರಳಿತು. 1921ರಲ್ಲಿ ಮಗಳು ತೀರಿಕೊಂಡರು. ಬೈಬಲಿನ ಮರಾಠಿ ಅನುವಾದ ಮುಗಿಸಿದ ತಾಯಿ 1922ರ ಏಪ್ರಿಲ್ 5ರಂದು ಹೋದರು.

ವಾಂಟೇಜಿನಲ್ಲಿ ಆಜೀಬಾಯಿ ರಮಾಬಾಯಿಯ ಪತ್ರಗಳನ್ನು ಎಸೆದಿರಲಿಲ್ಲ. ತಮ್ಮನ್ನು ಎದುರಿಸಿ ಬರೆದವನ್ನೂ, ತಾವು ಗದರಿಸಿ ಬರೆದವನ್ನೂ, ಬಿಷಪ್ಪರ ಪತ್ರಗಳನ್ನೂ ಕೂಡಿಸಿ, ತಾರೀಖಿನಂತೆ ಜೋಡಿಸಿ ಇಟ್ಟಿದ್ದರು. ಇಂದು ಈ ಜಗಳದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಆ ಸಿಸ್ಟರ್ ಕಾಪಾಡಿದ ಕಟ್ಟಿನಿಂದ ಬಂದದ್ದು. ಎ. ಬಿ. ಷಾ ಅವರ ಸಂಪಾದನೆಯಲ್ಲಿ ಅದು 1977ರಲ್ಲಿ ಮುಂಬಯಿಯಿಂದ ಪುಸ್ತಕವಾಗಿ ಹೊರಬಂತು.